ಬಿಡುವಿನ ಹೊತ್ತು: ಒಂದೇ ನಂಬರು, ಎರಡು ಸಲ

ಕಳೆದ ಸಂಚಿಕೆಯಲ್ಲಿ ಕೀಲಿ ಕೊಡುವ ಗೋಡೆ ಗಡಿಯಾರಗಳ ವಿಷಯ ಬರೆದ ಮೇಲೆ ಮೂವರು ವಾಚಕರು ಕಾಗದ ಬರೆದು, "ಗಡಿಯಾರ ಸಾಕು, ನಿಮ್ಮ ಕ್ಯಾಮರಾಗಳ ಕಥೆ ಹೇಳಿ" ಎಂದು ಅಪ್ಪಣೆ ಮಾಡಿದ್ದಾರೆ. ನಾಲ್ಕನೆಯವಳು ನಮ್ಮ ಮನೆಯಾಕೆ. ಅವಳು ಕಾಗದ ಬರೆಯಲಿಲ್ಲ. "ರೀ, ಬರೆಯುವುದಾದರೆ ನಿಜ ಬರೆಯಿರಿ. ಮನೆಯಲ್ಲಿರುವುದು ಎಷ್ಟು, ಪುಸ್ತಕದಲ್ಲಿರುವುದು ಎಷ್ಟು ಎಂಬುದನ್ನೂ ಹೇಳಿಬಿಡಿ" ಎಂದಳು. ಆದ್ದರಿಂದ ಮೊದಲೇ ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿರುವ ಕ್ಯಾಮರಾಗಳು ಏಳು. ಎಲ್ಲವೂ ಇಲ್ಲಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಚೌಕಾಸಿ ಮಾಡಿ ತಂದವು, ಎಲ್ಲವೂ ಜಪಾನಿನವು, ಎಲ್ಲವೂ ಯುದ್ಧ ಮುಗಿದ ಮೇಲಿನವು, ಎರಡರಲ್ಲಿ ಷಟರ್ ಆಡುವುದಿಲ್ಲ. ಪುಸ್ತಕದಲ್ಲಿರುವವು ನೂರ ಹದಿನೆಂಟು. ಅವೆಲ್ಲ ಯುದ್ಧಕಾಲದವು. ಅವುಗಳಲ್ಲಿ ಒಂದನ್ನೂ ನಾನು ಕೈಯಿಂದ ಮುಟ್ಟಿಲ್ಲ.

ಪುಸ್ತಕ ಎಂದರೆ ಅಚ್ಚಾದ ಪುಸ್ತಕವಲ್ಲ, ದಪ್ಪ ರಟ್ಟಿನ ರಿಜಿಸ್ಟರು. ಕಛೇರಿಯದಲ್ಲ, ಸ್ವಂತ ದುಡ್ಡಿನಲ್ಲಿ ಕೊಂಡದ್ದು ಎಂಬುದನ್ನು ಆಡಿಟಿನವರ ಗಮನಕ್ಕೆ ತರುತ್ತೇನೆ. ಹನ್ನೊಂದು ವರ್ಷ ಟಪ್ಪಾಲು ಪುಸ್ತಕ ಬರೆದ ಕೈ ಸುಮ್ಮನಿರಲಾರದು. ಅಡ್ಡಗೆರೆ, ಉದ್ದಗೆರೆ ಎಳೆದು ಕಲಮುಗಳನ್ನು ಮಾಡಿಕೊಂಡಿದ್ದೇನೆ. ಕ್ರಮಾಂಕ, ಮಸೂರದ ನಂಬರು, ಮೇಲಿನ ಕೆತ್ತನೆ, ಜೊತೆಗಿರುವ ಸಲಕರಣೆ, ಸ್ಥಿತಿ, ಎಲ್ಲಿ ಕಂಡದ್ದು, ಕಡೆಗೆ ಷರಾ. ಈಗ ಹರಾಜುಗಳು ಅಂತರಜಾಲದಲ್ಲಿ ನಡೆಯುತ್ತವಾದ್ದರಿಂದ ಟೋಕಿಯೋದಲ್ಲಿ ಮಾರಾಟಕ್ಕೆ ಬಂದ ವಸ್ತುವನ್ನು ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಕುಳಿತು ನೋಡಬಹುದು. ನೋಡುವುದಕ್ಕೆ ಸುಂಕವಿಲ್ಲ. ಶ್ರೀಮಂತರು ಕ್ಯಾಮರಾ ಸಂಗ್ರಹಿಸುತ್ತಾರೆ. ನಾನು ಅವುಗಳ ನಂಬರುಗಳನ್ನು ಸಂಗ್ರಹಿಸುತ್ತೇನೆ.

ಯುದ್ಧಕಾಲದ ಜಪಾನೀ ಕ್ಯಾಮರಾ ಎಂದೊಡನೆ ವ್ಯಾಪಾರಿಗಳು ಮೊದಲು ಮುಂದಿಡುವುದು ಎಂಭತ್ತೊಂಬತ್ತನೆಯ ಮಾದರಿಯ ಬಂದೂಕು ಕ್ಯಾಮರಾವನ್ನು. ಕೊನಿಷಿರೊಕು ಎಂಬ ಹಳೆಯ ಕಂಪೆನಿಯ ರೊಕುವೋಷಾ ಕಾರ್ಖಾನೆಯಲ್ಲಿ ತಯಾರಾದದ್ದು. ನೋಡಲು ಥೇಟು ವಿಮಾನದ ಮೆಷಿನ್‌ಗನ್ನು. ಕುದುರೆ ಎಳೆದರೆ ಗುಂಡಿನ ಬದಲು ಒಳಗೆ ಮೂವತ್ತೈದು ಮಿಲ್ಲಿಮೀಟರಿನ ಫಿಲ್ಮು ಓಡುತ್ತದೆ. ತರಬೇತಿಯ ಹುಡುಗ ಆಕಾಶದಲ್ಲಿ ಹಾರಿಸಿದ್ದು ಗುರಿಗೆ ತಗಲಿತೇ ತಪ್ಪಿತೇ ಎಂಬುದನ್ನು ಕೆಳಗಿಳಿದ ಮೇಲೆ ಫಿಲ್ಮು ತೊಳೆದು ನೋಡತಕ್ಕದ್ದು. ಈ ಎಂಭತ್ತೊಂಬತ್ತರ ಅರ್ಥ ತಿಳಿಯಲು ನನಗೆ ಕೆಲವು ದಿವಸ ಹಿಡಿಯಿತು. ನಮ್ಮಲ್ಲಿ ಶಾಲಿವಾಹನ ಶಕೆ ಇದ್ದಂತೆ ಅವರೂ ತಮ್ಮ ಮೊದಲ ಚಕ್ರವರ್ತಿ ಜಿಮ್ಮು ಪಟ್ಟಕ್ಕೆ ಬಂದನೆಂದು ನಂಬುವ ಕ್ರಿ. ಪೂ. ೬೬೦ರಿಂದ ವರ್ಷ ಎಣಿಸುತ್ತಿದ್ದರು. ೧೯೨೯ ಎಂದರೆ ಅವರ ೨೫೮೯. ಕೊನೆಯ ಎರಡು ಅಂಕೆಗಳೇ ಮಾದರಿಯ ಹೆಸರು. ೧೯೪೦ ಬಂದಾಗ ಅವರಿಗೆ ೨೬೦೦ ತುಂಬಿತು. ಆ ವರ್ಷದ ಸಾಮಾನನ್ನು ಭೂಸೇನೆಯವರು 'ನೂರನೆಯ ಮಾದರಿ' ಎಂದರು, ನೌಕಾದಳದವರು 'ಸೊನ್ನೆಯ ಮಾದರಿ' ಎಂದರು. ಜಗತ್ತು ಹೆದರಿದ 'ಝೀರೋ' ವಿಮಾನದ ಹೆಸರು ಬಂದದ್ದು ಹೀಗೆ. ಒಂದೇ ಸರಕಾರದ ಎರಡು ಇಲಾಖೆಗಳು ಒಂದೇ ವರ್ಷವನ್ನು ಎರಡು ಬಗೆಯಾಗಿ ಬರೆಯುವುದು ನಮ್ಮ ಕಛೇರಿಯವರಿಗೆ ಆಶ್ಚರ್ಯವಾಗುವ ಸಂಗತಿಯೇನಲ್ಲ.

ಬಂದೂಕು ಕ್ಯಾಮರಾ ಮಾರಾಟಕ್ಕೆ ಬಂದರೆ ತುಂಬ ಬೇಡಿಕೆ. ಗೋಡೆಗೆ ತೂಗುಹಾಕಿದರೆ ಬಂದವರು ಬೆಚ್ಚುತ್ತಾರಲ್ಲ, ಅದಕ್ಕೆ. ನನ್ನ ಮನಸ್ಸು ಆ ಕಡೆಗೆ ಹೋಗಲಿಲ್ಲ. ಊರಿನಿಂದ ಬಂದಿದ್ದ ನನ್ನ ತಂದೆಯವರು ರಿಜಿಸ್ಟರು ತಿರುವಿ ನೋಡಿ, "೧೯೪೨ರ ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವರ ಸಾಮಾನು ಇದು, ಅಂಡಮಾನಿನಲ್ಲಿ ಮೂರು ವರ್ಷ ಏನೇನು ಮಾಡಿದರು ಗೊತ್ತೇ?" ಎಂದು ಕೇಳಿದರು. ಗೊತ್ತಿತ್ತು. ಉತ್ತರ ಹೊಳೆಯಲಿಲ್ಲ. ಆಗ ಇನ್ನೊಂದು ಪುಟ ತೆಗೆದು ತೋರಿಸಿದೆ. ಆ ಪುಟದಲ್ಲಿದ್ದದ್ದು ಕೊಲ್ಲುವವನ ಕ್ಯಾಮರಾ ಅಲ್ಲ, ಕೆಮ್ಮುವವನ ಕ್ಯಾಮರಾ.

ಅದರ ವಿಷಯವನ್ನೇ ಈ ಸಲ ಹೇಳಬೇಕಾಗಿದೆ.

ಆ ಕಾಲದ ಜಪಾನಿನಲ್ಲಿ ಕ್ಷಯಕ್ಕಿಂತ ದೊಡ್ಡ ಮೃತ್ಯು ಇರಲಿಲ್ಲ. ೧೯೩೦ರ ದಶಕದ ನಡುವಿನಿಂದ ೧೯೫೦ರವರೆಗೆ ಸಾವಿನ ಕಾರಣಗಳಲ್ಲಿ ಅದಕ್ಕೇ ಮೊದಲ ಸ್ಥಾನ. ೧೯೪೩ ಒಂದೇ ವರ್ಷದಲ್ಲಿ ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಜನ ಅದರಿಂದ ಸತ್ತರು. ನೂಲಿನ ಗಿರಣಿಗಳ ಹುಡುಗಿಯರು, ವಿದ್ಯಾರ್ಥಿಗಳು, ಬ್ಯಾರಕ್ಕುಗಳಲ್ಲಿ ಒತ್ತಾಗಿ ಮಲಗುವ ಸಿಪಾಯಿಗಳು. ಹಡಗಿನ ಕೆಳಮಾಳಿಗೆಯಲ್ಲಿ ಒಬ್ಬ ನಾವಿಕ ಕೆಮ್ಮಲಾರಂಭಿಸಿದರೆ ನೂರು ಜನಕ್ಕೆ ಅಪಾಯ. ಕೆಮ್ಮು ಕಾಣುವ ಮೊದಲೇ ಎದೆಯ ಎಕ್ಸ್-ರೇ ತೆಗೆದು ನೋಡಿದರೆ ಗೊತ್ತಾಗುತ್ತದೆ, ನಿಜ. ಆದರೆ ಎದೆಯಷ್ಟೇ ಅಗಲದ ಫಿಲ್ಮು ಬೇಕು; ಸಾವಿರಾರು ಜನರಿಗೆ ಅಷ್ಟು ಬೆಳ್ಳಿಯ ಫಿಲ್ಮು ಎಲ್ಲಿಂದ ತರುವುದು?

ಇದಕ್ಕೆ ೧೯೩೬ರ ಸುಮಾರಿಗೆ ಭೂಮಿಯ ಎರಡು ಬದಿಗಳಲ್ಲಿ ಒಂದೇ ಉಪಾಯ ಹೊಳೆಯಿತು: ಬ್ರೆಜಿಲಿನಲ್ಲಿ ಮನುಯೆಲ್ ಡಿ ಅಬ್ರೆಯು ಎಂಬ ವೈದ್ಯರಿಗೆ, ಜಪಾನಿನಲ್ಲಿ ತೊಹೊಕು ವಿಶ್ವವಿದ್ಯಾಲಯದ ಕೋಗಾ ಯೋಷಿಹಿಕೋ ಎಂಬುವರಿಗೆ. ಎಕ್ಸ್-ರೇಯನ್ನು ನೇರವಾಗಿ ಫಿಲ್ಮಿನ ಮೇಲೆ ಬೀಳಿಸುವುದು ಬೇಡ. ಎದೆಯನ್ನು ದಾಟಿ ಬಂದ ಕಿರಣ ಒಂದು ಪರದೆಯ ಮೇಲೆ ಬೀಳಲಿ. ಆ ಪರದೆಗೆ ಬಳಿದಿರುವ ರಾಸಾಯನಿಕ ಮಿಣುಕುತ್ತದೆ. ಪಕ್ಕೆಲುಬು, ಹೃದಯ, ಶ್ವಾಸಕೋಶ ಎಲ್ಲ ನೆರಳಿನಾಟದಂತೆ ಅಲ್ಲಿ ಮೂಡುತ್ತವೆ. ಬೆಳಕು ನುಗ್ಗದ ಕತ್ತಲೆಯ ಗೂಡಿನ ಒಂದು ಕೊನೆಯಲ್ಲಿ ಈ ಪರದೆ, ಇನ್ನೊಂದು ಕೊನೆಯಲ್ಲಿ ಕ್ಯಾಮರಾ. ಮಿಣುಕುವ ಪರದೆಯ ಫೋಟೋ ತೆಗೆದರಾಯಿತು. ಚಿತ್ರ ಅಂಚೆ ಚೀಟಿಯಷ್ಟು. ಒಂದು ಸುರುಳಿ ಫಿಲ್ಮಿನಲ್ಲಿ ಹಲವಾರು ಎದೆಗಳು.

ಕೇಳಲು ಸುಲಭ. ಕಷ್ಟವಿರುವುದು ಮಿಣುಕಿನಲ್ಲಿ. ಆ ಪರದೆಯ ಬೆಳಕು ಬಹಳ ಮಂದ. ಸಾಧಾರಣ ಕ್ಯಾಮರಾದ ಮಸೂರದಿಂದ ಅದನ್ನು ಹಿಡಿಯಬೇಕಾದರೆ ಮನುಷ್ಯ ಉಸಿರು ಬಿಗಿಹಿಡಿದು ನಿಂತಿರಬೇಕಾದ ಹೊತ್ತೂ ಹೆಚ್ಚು, ಅವನ ಮೈಗೆ ತಗಲುವ ಕಿರಣವೂ ಹೆಚ್ಚು. ಆಗಿನ ಸಾಮಾನ್ಯ ಮಸೂರದ ಬಾಯಿ ಎಫ್ ೩.೫, ಅದರ ಬದಲು ಎಫ್ ೧.೫ರ ಮಸೂರ ಹಾಕಿದರೆ ಸುಮಾರು ಐದೂವರೆ ಪಾಲು ಹೆಚ್ಚು ಬೆಳಕು ಒಳಗೆ ಬರುತ್ತದೆ. ಅಂಥ ಅಗಲ ಬಾಯಿಯ ಮಸೂರವನ್ನು ಚಿತ್ರ ಕಲಕದಂತೆ ಉಜ್ಜುವುದು ಆ ದಿವಸಗಳಲ್ಲಿ ಅಪರೂಪದ ವಿದ್ಯೆ.

ಈ ಕೆಲಸಕ್ಕೆ ಕೈಹಾಕಿದವರಲ್ಲಿ ಒಂದು ಸಣ್ಣ ಕಂಪೆನಿ ಸೇಕಿ ಕೋಗಾಕು. ಹೆಸರು ಅಪರಿಚಿತವೆನಿಸಬಹುದು, ೧೯೪೭ರಲ್ಲಿ ಅದೇ ಕ್ಯಾನನ್ ಎಂದು ಹೆಸರು ಬದಲಿಸಿಕೊಂಡಿತು. ೧೯೩೪ರಲ್ಲಿ ಅವರು ಮಾಡಿದ ಮೊದಲ ನಮೂನೆಯ ಹೆಸರು 'ಕ್ವಾನನ್', ಅಂದರೆ ಕರುಣೆಯ ದೇವತೆ ಕಣ್ಣೋನ್. ಬೌದ್ಧರ ಅವಲೋಕಿತೇಶ್ವರನೇ ಚೀನಾ ದಾಟಿ ಜಪಾನಿಗೆ ಹೋಗಿ ಹೀಗಾಗಿದ್ದಾನೆ. ೧೯೩೬ರಲ್ಲಿ ಅವರ ಮೊದಲ ಕ್ಯಾಮರಾ ಪೇಟೆಗೆ ಬಂದಾಗ ಮಸೂರ ಮಾಡುವ ಶಕ್ತಿ ಅವರಿಗಿರಲಿಲ್ಲ. ಅದನ್ನು ನಿಪ್ಪಾನ್ ಕೋಗಾಕು, ಅಂದರೆ ಮುಂದಿನ ನಿಕಾನ್, ಮಾಡಿಕೊಟ್ಟಿತು. ಇಂದಿಗೆ ಕಡುಸ್ಪರ್ಧಿಗಳಾದವರು ಅಂದು ಒಂದೇ ಕ್ಯಾಮರಾದ ಹಿಂದೆ ಮುಂದೆ ಇದ್ದರು. ಈ ಸಣ್ಣ ಕಂಪೆನಿಯನ್ನು ಆರಂಭದಿಂದ ಪೋಷಿಸಿ, ೧೯೪೨ರಲ್ಲಿ ಅದರ ಅಧ್ಯಕ್ಷರಾದವರು ಮಿತರಾಯಿ ತಕೇಷಿ. ಅವರು ಇಂಜಿನಿಯರಲ್ಲ, ವ್ಯಾಪಾರಿಯಲ್ಲ. ಹೆರಿಗೆ ಮಾಡಿಸುವ ಡಾಕ್ಟರು. ೧೯೪೦ರಲ್ಲಿ ಆ ಕಂಪೆನಿ ಜಪಾನಿನ ಮೊದಲ ಪರೋಕ್ಷ ಎಕ್ಸ್-ರೇ ಕ್ಯಾಮರಾ ತಯಾರಿಸಿತು. ಅದಕ್ಕೆಂದೇ ಮುಂದೆ ಎಫ್ ೧.೫ರ ಒಂದು ಮಸೂರವನ್ನು ತಾವೇ ಉಜ್ಜಿದರು, ಹೆಸರು 'ಆರ್-ಸೆರೆನಾರ್'. ಸೆರೆನಾರ್ ಎಂಬುದು ಕಾರ್ಖಾನೆಯ ಕೆಲಸಗಾರರಿಂದಲೇ ಹೆಸರು ಕೇಳಿ ಆರಿಸಿದ್ದಂತೆ. ಚಂದ್ರನ ಮೇಲಿನ 'ಪ್ರಶಾಂತಿಯ ಸಮುದ್ರ'ದ ನೆನಪು ಅದರಲ್ಲಿದೆ. ತಲೆಯ ಮೇಲೆ ಯುದ್ಧ ಕುಣಿಯುತ್ತಿದ್ದಾಗ ಯಾರಿಗೋ ಆ ಹೆಸರು ಹೊಳೆಯಿತಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಿಪ್ಪಾನ್ ಕೋಗಾಕುವಿನವರೂ ಎಕ್ಸ್-ರೇಗೆಂದು 'ರೆಗ್ನೋ-ನಿಕ್ಕೋರ್' ಎಂಬುದನ್ನು ಮಾಡಿದರು, ಅದೂ ಎಫ್ ೧.೫. ಆ ಕಂಪೆನಿ ಯುದ್ಧದ ಕೊನೆಗೆ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಜನರಿಗೆ ಕೆಲಸ ಕೊಟ್ಟಿತ್ತು. ಸೋತ ಮೇಲೆ ಒಂದು ಕಾರ್ಖಾನೆ, ಸುಮಾರು ಸಾವಿರದ ನಾನೂರು ಜನ ಉಳಿದರು.

ಇವೆಲ್ಲ ಎಷ್ಟು ತಯಾರಾದವು? ಸಂಗ್ರಾಹಕರ ಕಷ್ಟ ಇಲ್ಲಿಯೇ. ೧೯೪೫ರ ಆಗಸ್ಟಿನಲ್ಲಿ ಶರಣಾಗತಿಗೆ ಮುಂಚೆ, ಅದರ ಹಿಂದೆಯೇ, ಸೈನ್ಯದ ಕಛೇರಿಗಳಲ್ಲಿ ದಫ್ತರುಗಳನ್ನು ರಾಶಿ ಹಾಕಿ ಸುಟ್ಟರು. ದಫ್ತರು ಸುಟ್ಟರೆ ಏನು ಹೋಗುತ್ತದೆಂದು ಗುಮಾಸ್ತೆಗೆ ಯಾರೂ ವಿವರಿಸಬೇಕಾಗಿಲ್ಲ. ಉಳಿದಿರುವ ಸಾಕ್ಷಿ ಲೋಹದ ಮೇಲೆ ಕೆತ್ತಿದ ನಂಬರು ಒಂದೇ. ಆದರೆ ಆ ಒಂದರಿಂದಲೇ ಬಹಳ ತಿಳಿಯಬಹುದು. ಅದೇ ಯುದ್ಧದಲ್ಲಿ ಜರ್ಮನರು ತಿಂಗಳಿಗೆ ಎಷ್ಟು ಟ್ಯಾಂಕು ಮಾಡುತ್ತಾರೆಂದು ಗೂಢಚಾರರನ್ನು ಕೇಳಿದರೆ ಸಾವಿರದ ನಾನೂರು ಎಂದರಂತೆ. ಸಿಕ್ಕಿಬಿದ್ದ ಟ್ಯಾಂಕುಗಳ ನಂಬರುಗಳನ್ನು ಗುರುತುಹಾಕಿಕೊಂಡು ಕೂತ ಲೆಕ್ಕಿಗರು ೨೪೬ ಎಂದರು. ಯುದ್ಧ ಮುಗಿದ ಮೇಲೆ ಜರ್ಮನರ ಸ್ವಂತ ಕಾಗದಗಳಲ್ಲಿ ಸಿಕ್ಕಿದ್ದು ೨೪೫. ಈ ಕಥೆ ಓದಿದ ದಿವಸವೇ ನಾನು ರಿಜಿಸ್ಟರು ಕೊಂಡದ್ದು. ಕಂಡ ನಂಬರುಗಳಲ್ಲಿ ಅತಿ ಸಣ್ಣದು ಯಾವುದು, ಅತಿ ದೊಡ್ಡದು ಯಾವುದು, ನಡುವೆ ಎಷ್ಟು ತೆರವು, ಕೆತ್ತನೆ ಎಲ್ಲಿ ಬದಲಾಯಿತು ಎಂಬುದನ್ನು ಹೀಗೆ ಬರೆದಿಡುವವರು ಜಪಾನಿನಲ್ಲಿ, ಅಮೇರಿಕದಲ್ಲಿ ಎಷ್ಟೋ ಜನ. ಸುಟ್ಟುಹೋದ ದಫ್ತರನ್ನು ಒಂದೊಂದೇ ಸಾಲಾಗಿ ಮತ್ತೆ ಬರೆಯುವ ಕೆಲಸ ಅದು.

ಇನ್ನು ನನ್ನ ಕ್ರಮಾಂಕ ನಲವತ್ತೊಂದರ ವಿಷಯ.

ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ಜಪಾನಿನ ಒಂದು ಹರಾಜಿನಲ್ಲಿ ಎಕ್ಸ್-ರೇ ಕ್ಯಾಮರಾ ಒಂದು ಕಾಣಿಸಿತು. ಬರಿಯ ಮಸೂರವಲ್ಲ, ಇಡೀ ಕ್ಯಾಮರಾ. ಫಿಲ್ಮಿನ ಪೆಟ್ಟಿಗೆ, ಕತ್ತಲೆ ಗೂಡಿಗೆ ಕೂಡುವ ಚೌಕಟ್ಟು, ಪಕ್ಕದಲ್ಲಿ ಹಿತ್ತಾಳೆಯ ಹೆಸರುಪಟ್ಟಿ, ಅದರ ಮೇಲೆ ನೌಕಾದಳದ ಲಂಗರಿನ ಸಣ್ಣ ಮುದ್ರೆ. ಒಳಗೆ ಯಾರೋ ಪೆನ್ಸಿಲಿನಿಂದ ಏನೋ ಬರೆದಿದ್ದರು. ಅಂಥದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಬೆಲೆ ನನ್ನ ಎರಡು ತಿಂಗಳ ಸಂಬಳ. ಸಾಗಣೆ, ಸುಂಕ ಸೇರಿದರೆ ಮೂರು ತಿಂಗಳದು. ಪ್ರಾವಿಡೆಂಟ್ ಫಂಡಿನಿಂದ ಮುಂಗಡ ತೆಗೆಯುವ ಅರ್ಜಿಯ ನಮೂನೆ ನನ್ನ ಮೇಜಿನಲ್ಲಿಯೇ ಇತ್ತು. ಜೂನಿನಲ್ಲಿ ಮಗಳನ್ನು ಒಂದನೆಯ ತರಗತಿಗೆ ಸೇರಿಸಬೇಕಾಗಿತ್ತು. ಹರಾಜಿನ ಅವಧಿ ಏಳು ದಿವಸ. ಆರು ದಿವಸ ನಾನು ಸರಿಯಾಗಿ ನಿದ್ರೆ ಮಾಡಲಿಲ್ಲ. ಏಳನೆಯ ದಿವಸ ಮನೆಯಾಕೆ ತಾನಾಗಿಯೇ, "ಅಷ್ಟು ಆಸೆಯಿದ್ದರೆ ತೆಗೆದುಕೊಳ್ಳಿ, ಫೀಸಿಗೆ ಏನಾದರೂ ಮಾಡೋಣ" ಎಂದಳು. ಹಾಗೆಂದ ಮೇಲೆ ಕೊಳ್ಳುವುದು ಇನ್ನೂ ಕಷ್ಟವಾಯಿತು. ಕೊಳ್ಳಲಿಲ್ಲ. ನಂಬರು ಬರೆದುಕೊಂಡೆ, ಷರಾದಲ್ಲಿ "ಸಂಪೂರ್ಣ" ಎಂದು ಬರೆದೆ.

ಆ ಬೇಸಿಗೆಯಲ್ಲಿ ನಮ್ಮಜ್ಜಿ ಬಂದು ತಿಂಗಳೊಪ್ಪತ್ತು ಇಲ್ಲಿದ್ದರು. ಎಂಭತ್ತು ದಾಟಿದ ಜೀವ, ತುಮಕೂರಿನ ಕಡೆಯ ಹಳ್ಳಿಯವರು. ನಾನು ಮನೆಯಾಕೆಗೆ ಈ ಪರದೆ, ಮಿಣುಕು, ಗೂಡು ಎಂದೆಲ್ಲ ವಿವರಿಸುತ್ತಿದ್ದುದನ್ನು ಅವರೆಕಾಳು ಬಿಡಿಸುತ್ತ ಕೇಳುತ್ತಿದ್ದವರು, "ಎದೇದು ಫೋಟೋನಾ? ನಂದೂ ತೆಗ್ದಿದ್ರು ಕಣೋ" ಎಂದರು.

ವಿಚಾರಿಸಿದರೆ ಅದು ನಿಜ. ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಹಳ್ಳಿಗಾಡಿನಲ್ಲಿ ಕ್ಷಯ ಎಷ್ಟಿದೆಯೆಂದು ತಿಳಿಯಲು ಆ ಸಂಸ್ಥೆಯವರು ೧೯೬೦-೬೧ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಎಕ್ಸ್-ರೇ ವ್ಯಾನುಗಳನ್ನು ತಂದು, ಮನೆಮನೆಯ ಪಟ್ಟಿ ಮಾಡಿ, ಎದೆಯ ಸಣ್ಣ ಚಿತ್ರಗಳನ್ನು ತೆಗೆದರು. ಕ್ಯಾಮರಾ ಯಾವ ದೇಶದ್ದಾದರೇನು, ಕತ್ತಲೆಯ ಗೂಡು, ಮಿಣುಕುವ ಪರದೆ, ಅಗಲ ಬಾಯಿಯ ಮಸೂರ ಎಲ್ಲ ಅವೇ. ಅಜ್ಜಿಗೆ ಆಗ ಹದಿನೆಂಟು. ಅದಕ್ಕೆ ಮುಂಚೆ ಅವರ ಫೋಟೋ ಯಾರೂ ತೆಗೆದಿರಲಿಲ್ಲ. ಫೋಟೋ ಎಂದರೆ ಮುಖದ್ದೇ ಎಂದುಕೊಂಡು ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು ಹೋಗಿ ಸಾಲಿನಲ್ಲಿ ನಿಂತಿದ್ದರಂತೆ. "ಗಲ್ಲ ಎತ್ತಿ ಹಲಗೆಗೆ ಒತ್ತಿಕೋ ಅಂದ್ರು, ಉಸಿರು ಹಿಡಿ ಅಂದ್ರು, ಬಿಡು ಅಂದ್ರು, ಅಷ್ಟೇ. ಫೋಟೋ ಕೊಡ್ಲೇ ಇಲ್ಲ" ಎಂದು ಈಗಲೂ ಅವರಿಗೆ ಕೊರತೆ.

ಅವರ ಅಣ್ಣನ ಫಿಲ್ಮಿನಲ್ಲಿ ಮಚ್ಚೆ ಕಂಡಿತು. ಕಫದ ಪರೀಕ್ಷೆಯಲ್ಲಿಯೂ ರೋಗವಿದೆಯೆಂದು ಗೊತ್ತಾಯಿತು. ಕೆಮ್ಮು ಇತ್ತು, ಬೀಡಿಯ ಕೆಮ್ಮು ಎಂದು ಎಲ್ಲರೂ ಸುಮ್ಮನಿದ್ದರು. ಅದಕ್ಕೆ ಹತ್ತು ಹದಿನೈದು ವರ್ಷ ಮುಂಚೆ ಈ ಸುದ್ದಿ ಬಂದಿದ್ದರೆ ಮನೆಯಲ್ಲಿ ಅಳು ಏಳುತ್ತಿತ್ತು. ಮೈಸೂರಿನ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆಸ್ಪತ್ರೆಗೋ ಮದನಪಲ್ಲಿಗೋ ಕಳಿಸಬೇಕು. ಅಲ್ಲಿ ಹಾಸಿಗೆ ಸಿಗಬೇಕು. ಆದರೆ ಅಷ್ಟು ಹೊತ್ತಿಗೆ ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದವರು ಇಕ್ಕಟ್ಟಿನ ಮನೆಗಳ ಬಡ ರೋಗಿಗಳನ್ನೇ ಆರಿಸಿಕೊಂಡು, ಮನೆಯಲ್ಲಿದ್ದು ಮಾತ್ರೆ ನುಂಗಿದವರೂ ಸ್ಯಾನಟೋರಿಯಮ್ಮಿನಲ್ಲಿ ಮಲಗಿದವರಷ್ಟೇ ಗುಣವಾಗುತ್ತಾರೆಂದು ೧೯೫೯ರಲ್ಲಿ ತೋರಿಸಿಬಿಟ್ಟಿದ್ದರು. ಅಜ್ಜಿಯ ಅಣ್ಣ ಒಂದು ವರ್ಷಕ್ಕೂ ಮೇಲ್ಪಟ್ಟು ಮಾತ್ರೆ ನುಂಗಿದರು. ನನ್ನ ಮದುವೆಗೆ ಬಂದು ಎರಡು ಪಂಕ್ತಿ ಬಡಿಸಿ, ಮೂರನೆಯದರಲ್ಲಿ ಕುಳಿತು ಉಂಡು ಹೋದವರು ಅವರೇ.

ಎಕ್ಸ್-ರೇ ವ್ಯಾನಿನ ಕಾಲ ಹೆಚ್ಚು ದಿವಸ ನಡೆಯಲಿಲ್ಲ. ರೋಗ ಹರಡುವವನನ್ನು ಹಿಡಿಯಲು ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಸಾಕು, ಅಗ್ಗ ಎಂಬುದು ಸ್ಪಷ್ಟವಾಯಿತು. ಬೆಂಗಳೂರಿನ ಆ ಸಂಸ್ಥೆಯವರೇ ತುಮಕೂರಿನಲ್ಲಿ ಕಂಡ ಇನ್ನೊಂದು ಸಂಗತಿ: ಕೆಮ್ಮುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಯಾವುದಾದರೊಂದು ದವಾಖಾನೆಗೆ ಹೋಗಿ ಬಂದಿದ್ದರು, ಅಲ್ಲಿ ಅವರ ಕಫ ನೋಡಿದವರಿಲ್ಲ, ಅಷ್ಟೇ. ೧೯೭೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು, ಕಂಡಕಂಡವರಿಗೆಲ್ಲ ವ್ಯಾನಿನಲ್ಲಿ ಎಕ್ಸ್-ರೇ ತೆಗೆಯುವುದನ್ನು ಬಿಡಬೇಕೆಂದರು. ಮಸೂರಗಳು ಉಗ್ರಾಣ ಸೇರಿದವು, ಉಗ್ರಾಣದಿಂದ ಗುಜರಿ, ಗುಜರಿಯಿಂದ ಹರಾಜು.

ಅಜ್ಜಿ ಊರಿಗೆ ಹೋದ ಮೇಲೆ ನಾನು ಒಂದು ನಿಶ್ಚಯ ಮಾಡಿದೆ. ಟಪ್ಪಾಲಾಫೀಸಿನಲ್ಲಿ ಬೇರೆ ಒಂದು ಖಾತೆ ತೆರೆದು ತಿಂಗಳಿಗೆ ಇಷ್ಟೆಂದು ಹಾಕುತ್ತ ಬಂದೆ. ಅಂಥ ಇನ್ನೊಂದು ಬಂದರೆ ಬಿಡತಕ್ಕದ್ದಲ್ಲ.

ಹನ್ನೊಂದು ತಿಂಗಳ ಮೇಲೆ ಮಾರ್ಚ್ ಕೊನೆಯ ವಾರ, ಕಛೇರಿಯಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ರಾತ್ರಿ ಮನೆಗೆ ಬಂದು ನೋಡುತ್ತೇನೆ, ಒಂದು ಮಸೂರ ಮಾರಾಟಕ್ಕಿದೆ. ಹೊಳೆಯುವ ಹೊಸ ಹಿತ್ತಾಳೆಯ ಬಳೆ ತಿರುಪಿನೊಂದಿಗೆ, ಲೈಕಾ ಕ್ಯಾಮರಾಕ್ಕೆ ಕೂಡುವಂತೆ ಮಾಡಿದ್ದು. ಅಪರೂಪದ ಯುದ್ಧಕಾಲದ ಮಸೂರ, ಕನಸಿನಂಥ ಚಿತ್ರ ಕೊಡುತ್ತದೆ ಎಂದು ವರ್ಣನೆ. ಕನಸಿನಂತೆ ಏಕೆ ಕೊಡುತ್ತದೆಂದರೆ, ಆ ಮಸೂರ ಹುಟ್ಟಿದ್ದು ಗೊತ್ತಾದ ಒಂದೇ ದೂರದಲ್ಲಿರುವ ಚಪ್ಪಟೆ ಪರದೆಯನ್ನು, ಅದರ ಒಂದೇ ಬಣ್ಣದ ಬೆಳಕಿನಲ್ಲಿ ನೋಡುವುದಕ್ಕೆ. ಮರಗಿಡ, ಮಕ್ಕಳ ಮುಖ ತೋರಿಸಿದರೆ ಅಂಚೆಲ್ಲ ಕಲಸಿಹೋಗುತ್ತದೆ. ಆ ಕಲಸಾಟಕ್ಕೇ ಈಗ ಬೆಲೆ. ಅದು ಮೊದಲಿನ ಇಡೀ ಕ್ಯಾಮರಾದ ಬೆಲೆಗೆ ಮೂರರಷ್ಟಿತ್ತು.

ಅಭ್ಯಾಸದಂತೆ ನಂಬರು ಬರೆದುಕೊಂಡೆ. ಬರೆಯುವಾಗಲೇ ಕೈ ಗುರುತು ಹಿಡಿಯಿತು. ಹಿಂದಿನ ಪುಟ ತೆಗೆದು ನೋಡಿದೆ, ಕ್ರಮಾಂಕ ನಲವತ್ತೊಂದು. ಅಂಕೆಗೆ ಅಂಕೆ ಅದೇ. ಪೆಟ್ಟಿಗೆ, ಚೌಕಟ್ಟು, ಲಂಗರಿನ ಹೆಸರುಪಟ್ಟಿ, ಪೆನ್ಸಿಲಿನ ಬರಹ ಯಾವುದರ ಸುಳಿವೂ ಇಲ್ಲ. ಬಹುಶಃ ಹಳೆಯ ಲೋಹದ ತೂಕಕ್ಕೆ ಹೋಗಿರಬೇಕು. ಮಾರುವವರಿಗೆ ಒಂದು ಸಾಲು ಬರೆದು ಉಳಿದ ಭಾಗಗಳು ಇವೆಯೇ ಎಂದು ಕೇಳಿದೆ. ಉತ್ತರ ಬರಲಿಲ್ಲ, ಮೂರನೆಯ ದಿವಸ ಮಸೂರ ಮಾರಾಟವಾಯಿತು.

ಕೊಂಡವರದು ತಪ್ಪೆಂದು ಹೇಳಲಾರೆ. ಫೋಟೋ ತೆಗೆಯುವವನಿಗೆ ಮಸೂರ ಬೇಕು, ಗೂಡು ಏತಕ್ಕೆ? ಕತ್ತರಿಸಿದವನ ಮೇಲೆ ಸಿಟ್ಟು ಬಂತು, ನಿಜ. ಆದರೆ ಆ ಏಳನೆಯ ದಿವಸ ಹೂಂ ಎಂದಿದ್ದರೆ ಅದು ಇಂದು ನಮ್ಮ ಕಬ್ಬಿಣದ ಬೀರುವಿನಲ್ಲಿ ಇಡಿಯಾಗಿ ಇರುತ್ತಿತ್ತು ಎಂಬುದೂ ನಿಜವೇ. ಮಗಳು ಈಗ ಮೂರನೆಯ ತರಗತಿ. ಎರಡೂ ಸಾಲುಗಳ ಷರಾದಲ್ಲಿ ಕೆಂಪು ಮಸಿಯಿಂದ ಒಂದಕ್ಕೊಂದು ಉಲ್ಲೇಖ ಹಾಕಿದ್ದೇನೆ. ಒಂದನೆಯದರಲ್ಲಿದ್ದ "ಸಂಪೂರ್ಣ" ಎಂಬುದನ್ನು ಹೊಡೆದುಹಾಕಿಲ್ಲ. ಬರೆದ ದಿವಸ ಅದು ಹಾಗೆಯೇ ಇತ್ತು. ಆ ಹೊತ್ತು ತೆಗ ತೆಗೆದು ನೋಡಿದ್ದ ಚಿತ್ರಗಳ ನೆನಪಿನಿಂದ ಪೆಟ್ಟಿಗೆಯ ಅಳತೆ, ಹೆಸರುಪಟ್ಟಿ ಇದ್ದ ಜಾಗ ಎಲ್ಲವನ್ನೂ ಒಂದು ಬೇರೆ ಹಾಳೆಯಲ್ಲಿ ಗೀಚಿ ಅಂಟಿಸಿದ್ದೇನೆ. ಟಪ್ಪಾಲಾಫೀಸಿನ ಖಾತೆ ಮುಂದುವರಿದಿದೆ.

ಈ ಪತ್ರಿಕೆ ಪುಣೆ, ಹೈದರಾಬಾದು, ಚೆನ್ನೈ, ದೆಹಲಿಯ ಮನೆಗಳಿಗೂ ಹೋಗುತ್ತದೆ. ನಿಮ್ಮ ಹಿರಿಯರು ಯಾರಾದರೂ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿದ್ದು, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕಪ್ಪು ಲೋಹದ ಭಾರವಾದ ಮಸೂರವೊಂದು ಬಿದ್ದಿದ್ದರೆ ದಯವಿಟ್ಟು ಬಿಚ್ಚಬೇಡಿ. ಪಂಚೆಯ ಅಂಚಿನಿಂದ ಒರೆಸಲೂ ಬೇಡಿ. ಒಳಗೆ ಬೂಷ್ಟು ಹಿಡಿದಿದ್ದರೆ ಜೇಡನ ಬಲೆಯಂತೆ ಕಾಣುತ್ತದೆ. ಅಂಥದ್ದನ್ನು ಬೇರೆ ಮಸೂರಗಳಿಂದ ದೂರವಾಗಿ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದೊಡನೆ ಮುಚ್ಚಳದ ಡಬ್ಬಿಯಲ್ಲಿಡಿ. ಮುಂದಿನ ಅಂಚಿನ ಸುತ್ತ ಕೆತ್ತಿರುವ ಹೆಸರನ್ನೂ ನಂಬರನ್ನೂ ಕಾಪಿ ಮಾಡಿ ಸಂಘದ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸಿದರೆ ಸಾಕು. ಅಂಕೆಗಳನ್ನು ಒಳ್ಳೆಯ ಬೆಳಕಿನಲ್ಲಿ ಎರಡು ಸಲ ಓದಿ ಬರೆಯಿರಿ. ಸವೆದ ಕೆತ್ತನೆಯಲ್ಲಿ ಇಂಗ್ಲಿಷಿನ ಮೂರಕ್ಕೂ ಎಂಟಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.